ಡಬ್ಬಗಳ ಕೆಳಗಿದ್ದ ಮುಂದಿನ ದಾರಿ

ದೇಶದ ಚುನಾವಣೆಯಲ್ಲಿ ಪಕ್ಷ ಮಕಾಡೆ ಬಿದ್ದ ನಾಲ್ಕನೇ ದಿನ ಬೆಳಗ್ಗೆ ಕಾರ್ಯದರ್ಶಿಗಳು ಮನೆಯ ಅಟ್ಟದಿಂದ ಹಳೆಯ ಟ್ರಂಕು ಇಳಿಸಿದರು. ಮುಚ್ಚಳ ತೆಗೆದರೆ ಒಳಗೆ ಒಂದು ಜೊತೆ ಹರಕಲು ಚಪ್ಪಲಿ ಬಿಟ್ಟು ಬೇರೇನೂ ಇರಲಿಲ್ಲ. ಅವರು ಚಪ್ಪಲಿಯನ್ನೂ ಕೊಡವಿ ನೋಡಿದರು.

ಕಾರ್ಯದರ್ಶಿಗಳೆಂದರೆ ಪಕ್ಷದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೇಳಿಕೆ, ಖಂಡನೆ, ಸಂತಾಪ ಎಲ್ಲವನ್ನೂ ಬರೆದುಕೊಂಡು ಬಂದವರು. ಪಕ್ಷ ಸೋತಾಗಲೆಲ್ಲ ‘ಸೋಲಿಗೆ ಕಾರಣಗಳು ಮತ್ತು ಮುಂದಿನ ದಾರಿ’ ಎಂಬ ವರದಿ ಬರೆಯುವುದೂ ಅವರೇ. ಬರೆಯುವುದೆಂದರೇನು, ಹಿಂದಿನ ಸೋಲಿನ ವರದಿ ತೆಗೆದು ಇಸವಿ ತಿದ್ದುವುದು. (ಮೂರು ಸೋಲಿಗೂ ಒಂದೇ ವರದಿ ಸಾಕಾಗಿತ್ತು. ಅಷ್ಟು ಗಟ್ಟಿ ಮಾಲು.) ಈ ಸಲ ಮಾತ್ರ ಅಧ್ಯಕ್ಷರು ಫೋನಿನಲ್ಲಿ ಗುಡುಗಿದ್ದರು: “ಸಂಜೆ ಐದಕ್ಕೆ ವರದಿ ನನ್ನ ಮೇಜಿನ ಮೇಲಿರಬೇಕು. ಇಲ್ಲಾಂದ್ರೆ ಸೋಲಿಗೆ ನೀವೇ ಕಾರಣ ಅಂತ ಬರೆದು ಮನೆಗೆ ಕಳಿಸ್ತೀನಿ.” ಐವತ್ತಾರನೇ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಖಂಡಿಸುವುದೊಂದು ಬಿಟ್ಟು ಅವರಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

“ಲೇ, ಟ್ರಂಕಲ್ಲಿದ್ದ ಪಕ್ಷದ ವರದಿ ಎಲ್ಲೇ?”

“ಶೆಲ್ಫಿಗೆ ಹಾಸಿದೀನಿ ಕಣ್ರೀ,” ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು. “ಒಳ್ಳೇ ದಪ್ಪ ಕಾಗದ.”

“ಅದು ಪಕ್ಷದ ಭವಿಷ್ಯ ಕಣೇ!”

“ಐದು ವರ್ಷ ಟ್ರಂಕಲ್ಲೇ ಬಿದ್ದಿತ್ತಲ್ಲ ಭವಿಷ್ಯ. ಇಲ್ಲಿ ಡಬ್ಬಗಳ ಭಾರನಾದ್ರೂ ಹೊತ್ಕೊಂಡಿದೆ.”

ವಾದಕ್ಕೆ ಸಮಯವಿರಲಿಲ್ಲ. ಕಾರ್ಯದರ್ಶಿಗಳು ಸ್ಟೂಲು ಹತ್ತಿ ಒಂದೊಂದೇ ಡಬ್ಬ ಇಳಿಸತೊಡಗಿದರು. ಸಕ್ಕರೆಯ ಕೆಳಗೆ ‘ಎದುರಾಳಿಗಳ ಅಪಪ್ರಚಾರ’ ಇತ್ತು. ಹಿಟ್ಟಿನ ಡಬ್ಬದ ಕೆಳಗೆ ‘ಪ್ರತಿಕೂಲ ಹವಾಮಾನ’. ಉಪ್ಪಿನ ಕೆಳಗೆ ‘ನಮ್ಮ ಸಾಧನೆಗಳು ಮತದಾರರಿಗೆ ಅರ್ಥವಾಗದಿರುವುದು’ ತೇವ ಹಿಡಿದು ಉಬ್ಬಿಕೊಂಡಿತ್ತು. ಅವರು ಒರೆಸಿ ಒರೆಸಿ ಕೊಟ್ಟ ಹಾಗೆಲ್ಲ, ಮೇಜಿನ ಬಳಿ ಕೂತ ಅತ್ತೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದುತ್ತಿದ್ದರು.

“ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ,” ಎಂದು ಕೊನೆಗೆ ಕನ್ನಡಕ ತೆಗೆದಿಟ್ಟರು.

ಹದಿನಾಲ್ಕು ಪುಟ ಸಿಕ್ಕಿತು. ಹದಿನೈದನೆಯದು, ಅಂದರೆ ‘ಮುಂದಿನ ದಾರಿ’, ಎಣ್ಣೆ ಡಬ್ಬದ ಕೆಳಗಿತ್ತು. ಎಣ್ಣೆ ಹೀರಿ ಹೀರಿ ಒಂದಕ್ಷರವೂ ಉಳಿದಿರಲಿಲ್ಲ. ಬೆಳಕಿಗೆ ಹಿಡಿದರೆ ಆಚೆ ನಿಂತ ಹೆಂಡತಿ ಮಾತ್ರ ಮಸುಕಾಗಿ ಕಂಡಳು. ಎಷ್ಟು ತಿಣುಕಿದರೂ ಅಲ್ಲೇನಿತ್ತೆಂದು ನೆನಪಾಗಲಿಲ್ಲ. ಬರೆದವರಿಗೇ ನೆನಪಿಲ್ಲದ ದಾರಿಯಲ್ಲಿ ಪಕ್ಷ ಐದು ವರ್ಷ ನಡೆದಿತ್ತು. ಗಡಿಯಾರ ಎರಡು ಹೊಡೆಯಿತು. ಕಾರ್ಯದರ್ಶಿಗಳಿಗೆ ನಿಜವಾಗಿಯೂ ಭಯವಾಯಿತು.

“ಅತ್ತೆ, ಪಕ್ಷ ಈಗ ಯಾವ ಕಡೆ ಹೋಗಬೇಕು ಅಂತೀರಿ?” ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. (ಅತ್ತೆಯನ್ನು ಹುಲ್ಲುಕಡ್ಡಿ ಎನ್ನುವ ಧೈರ್ಯ ಬೇರೆ ದಿನ ಅವರಿಗಿರಲಿಲ್ಲ.)

“ವೋಟು ಹಾಕದೋರ ಮನೆಗೆ ಹೋಗಿ ಅಳಿಯಂದಿರೇ. ಯಾಕೆ ಹಾಕ್ಲಿಲ್ಲ ಅಂತ ಕೇಳಿ. ಆಮೇಲೆ ಬಾಯಿ ಮುಚ್ಕೊಂಡು ಕೇಳಿಸ್ಕೊಳ್ಳಿ.”

“ಯಾರು ಹಾಕಿಲ್ಲ ಅಂತ ನಂಗೆ ಹೇಗೆ ಗೊತ್ತಾಗಬೇಕು?”

ಅತ್ತೆ ಮಗಳ ಮುಖ ನೋಡಿದರು. ಮಗಳು ತಾಯಿಯ ಮುಖ ನೋಡಿದಳು.

“ನಾವಿಬ್ರೂ ಹಾಕಿಲ್ಲ,” ಎಂದಳು ಹೆಂಡತಿ.

ಕಾರ್ಯದರ್ಶಿಗಳು ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದರು. ಮನೆಯಲ್ಲಿದ್ದ ಮತಗಳು ಮೂರು. ಹೋಗಿದ್ದು ಎರಡು. ದೇಶದಲ್ಲೂ ಪಕ್ಷ ಇಷ್ಟು ಹೀನಾಯವಾಗಿ ಸೋತಿರಲಿಲ್ಲ.

“ಯಾಕೇ?”

“ಇಷ್ಟು ವರ್ಷದಲ್ಲಿ ಒಂದು ದಿನ ಕೇಳಿದ್ರಾ? ಇವ್ಳು ಎಲ್ಲಿ ಹೋಗ್ತಾಳೆ, ಹಾಕ್ತಾಳೆ ಅಂದ್ಕೊಂಡ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವರಿಗೆ ಹೆಚ್ಚು ನೋವಾಯಿತು.

ಅಭ್ಯಾಸಬಲದಿಂದ ಖಂಡಿಸಲು ಬಾಯಿ ತೆರೆದವರು ಅತ್ತೆಯ ಮಾತು ನೆನಪಾಗಿ ಮುಚ್ಚಿದರು. ಬೇರೆ ಗತಿಯಿಲ್ಲದೆ ಹದಿನೈದನೇ ಪುಟಕ್ಕೆ ಆ ಮಾತನ್ನೇ ಜರಿ ಅಂಚು ಹಚ್ಚಿ ಬರೆದರು: ‘ಮತ ನೀಡದವರ ಮನೆಬಾಗಿಲಿಗೆ ತೆರಳಿ ಮೌನವಾಗಿ ಆಲಿಸತಕ್ಕದ್ದು.’ ಉಳಿದ ಹದಿನಾಲ್ಕನ್ನು ಇಸವಿ ತಿದ್ದಿ ಹೊಸದಾಗಿ ನಕಲಿಸಿದರು. ಐದಕ್ಕೆ ಐದು ನಿಮಿಷವಿರುವಾಗ ವರದಿ ಅಧ್ಯಕ್ಷರ ಮೇಜಿನ ಮೇಲಿತ್ತು. ಮನೆಯ ಫಲಿತಾಂಶವನ್ನು ಮಾತ್ರ ಅವರು ಯಾರಿಗೂ ಉಸುರಲಿಲ್ಲ.

ಮಾರನೆಯ ಬೆಳಗ್ಗೆ ಅಧ್ಯಕ್ಷರ ಫೋನು ಬಂತು. “ಅದ್ಭುತ ಕಣ್ರೀ! ಮೊದಲಿನ ಹದಿನಾಲ್ಕು ಪುಟ ಹರಿದು ಹಾಕಿ. ಕೊನೇದೊಂದೇ ಸಾಕು.”

ಕಾರ್ಯದರ್ಶಿಗಳ ಎದೆಯ ಮೇಲಿನ ಕಲ್ಲು ಇಳಿಯಿತು.

“ಆದ್ರೆ ಬಾಯಿ ಮುಚ್ಕೊಂಡು ಕೂತು ನಮಗೆ ಅಭ್ಯಾಸ ಇಲ್ವಲ್ಲ. ಮೊದಲು ಗ್ಯಾರಂಟಿ ವೋಟಿನ ಮನೇಲಿ ಕಲಿಯೋಣ. ಭಾನುವಾರ ಹತ್ತಕ್ಕೆ ಹನ್ನೊಂದು ಜನ ಮುಖಂಡರು ನಿಮ್ಮನೆಗೇ ಬರ್ತೀವಿ. ಪತ್ರಿಕೆಯವರೂ ಇರ್ತಾರೆ. ಮನೆಯವರಿಗೆ ಬಿಚ್ಚು ಮನಸ್ಸಿಂದ ಮಾತಾಡೋಕೆ ಹೇಳಿ.”

ಇಳಿದ ಕಲ್ಲು ಬಂಡೆಯಾಗಿ ವಾಪಸು ಬಂತು. ಕಾರ್ಯದರ್ಶಿಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ವಿಷಯ ಹೇಳಿ, “ಭಾನುವಾರ ಒಂದು ದಿನ ತವರಿಗೆ ಹೋಗ್ಬರ್ತೀಯಾ?” ಎಂದು ಬೇಡಿದರು. (ತವರು ಅಲ್ಲೇ ಮೇಜಿನ ಬಳಿ ಕೂತು ಕನ್ನಡಕ ಒರೆಸುತ್ತಿತ್ತು.)

“ನಾನ್ಯಾಕೆ ಹೋಗ್ಲಿ? ಕೊನೆಗೂ ಕೇಳೋಕೆ ಅಂತ ಬರ್ತಿದಾರೆ, ಹೇಳ್ದೆ ಬಿಡ್ತೀನಾ?” ಎಂದ ಹೆಂಡತಿ ಕಾಗದ ಕಿತ್ತ ಶೆಲ್ಫಿನತ್ತ ತಿರುಗಿದಳು. “ಆದ್ರೆ ಅಷ್ಟು ಜನ ಬರುವಾಗ ಇದು ಹೀಗೆ ಬೋಳಾಗಿದ್ರೆ ಚೆನ್ನಾಗಿರಲ್ಲ. ನಿಮ್ಮ ಹೊಸ ವರದೀದು ಇನ್ನೊಂದು ಪ್ರತಿ ಇದೆ ತಾನೆ?”