ಪಾಂಬನ್ ಸೇತುವೆಯ ಮೇಲೆ ಮಧುಗಿರಿ ಬಸ್ಸು

ಬಸ್ಸು ಕೆಟ್ಟರೆ ಬಾನೆಟ್ ಎತ್ತಿ ನೋಡಬಹುದು. ಒಳಗೆ ಕೂತ ಜನ ಹಠ ಹಿಡಿದರೆ ಏನನ್ನು ಎತ್ತಿ ನೋಡಬೇಕೋ, ಇಷ್ಟು ವರ್ಷ ಡ್ರೈವರಾಗಿದ್ದರೂ ನನಗೆ ತಿಳಿಯಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ರಾಮೇಶ್ವರದ ದ್ವೀಪಕ್ಕೆ ಸಮುದ್ರದ ಮೇಲೇ ರಸ್ತೆ ಸೇತುವೆ ಆಯಿತು. ಅದಕ್ಕೆ ಮುಂಚೆ ರೈಲೇ ಗತಿ. ಸುದ್ದಿ ಕೇಳಿದ್ದೇ ನಮ್ಮ ಮಾಲೀಕರು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಯಾತ್ರೆಯ ಬೋರ್ಡು ತಗುಲಿಹಾಕಿದರು. ಸುತ್ತಲಿನ ತಾಲ್ಲೂಕುಗಳ ಜನ ತುಂಬಿಕೊಂಡರು. ಅವರಲ್ಲಿ ಸಮುದ್ರ ಕಂಡವರು ಯಾರೂ ಇರಲಿಲ್ಲ. ನಾನೂ ಕಂಡಿರಲಿಲ್ಲ.

ತಮಿಳು ಬಲ್ಲವರು

ಸೇತುವೆಗೆ ಮುಂಚೆ ಸಿಗುವ ಊರು ಮಂಡಪಂ. ಅಲ್ಲಿಗೆ ತಲುಪುವಷ್ಟರಲ್ಲಿ ನನ್ನ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ. ಎತ್ತ ನೋಡಿದರೂ ನೀಲಿ ನೀರು, ಕುಡಿಯುವುದಕ್ಕೆ ಮಾತ್ರ ತೊಟ್ಟೂ ಇಲ್ಲ. ಈ ಕಡೆಯ ಭಾಷೆ ಯಾರಿಗೆ ಬರುತ್ತದೆ ಎಂದು ಕೇಳಿದೆ. ಪಾವಗಡದ ಕಡಲೆಕಾಯಿ ವ್ಯಾಪಾರಿಯೊಬ್ಬರು ಎದ್ದು, ತೆಲುಗು ಬರುವವನಿಗೆ ತಮಿಳೇನು ಮಹಾ ಎಂದರು.

ಸೈಕಲ್ಲಿನ ಎರಡೂ ಕಡೆ ಕೊಡ ಕಟ್ಟಿಕೊಂಡು ಒಬ್ಬ ಬರುತ್ತಿದ್ದ. ಇವರು ರಸ್ತೆಗಿಳಿದು "ನೀಳ್ಳು, ನೀಳ್ಳು" ಎಂದು ಕೂಗಿದರು. ತೆಲುಗಿನಲ್ಲಿ ಹಾಗೆಂದರೆ ನೀರು. ಅವನ ತಮಿಳು ಕಿವಿಗೆ ಅದು 'ನಿಲ್ಲು' ಎಂದು ಬಿತ್ತು. ಬ್ರೇಕ್ ಹಿಡಿದು ನಿಂತ. ಇವರು ಮತ್ತೆ ನೀಳ್ಳು ಎಂದರು. ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ನೆಟ್ಟಗೆ ನಿಂತು, ಇನ್ನು ಹೇಗೆ ನಿಲ್ಲಲಿ ಎಂಬಂತೆ ಮುಖ ನೋಡಿದ. ಅಷ್ಟರಲ್ಲಿ ನಮ್ಮವರು ಚೊಂಬು ಹಿಡಿದು ಸುತ್ತುವರಿದಿದ್ದರು. ಪಾಪ, ತಾನೇ ಅರ್ಥ ಮಾಡಿಕೊಂಡು ಕೊಡ ಬಗ್ಗಿಸಿದ.

ವ್ಯಾಪಾರಿ ಮೀಸೆ ಒರೆಸಿಕೊಂಡು ನನಗೆ ಹೇಳಿದರು, "ನೋಡಿದ್ರಾ, ಒಂದೇ ಮಾತಿಗೆ ಕೆಲಸ ಆಯ್ತು. ಉಚ್ಚಾರಣೆ ಸರಿಯಾಗಿರಬೇಕು, ಅಷ್ಟೇ."

ಅಜ್ಜಿಯ ಭಾರ

ಸೇತುವೆಯ ಬುಡದಲ್ಲಿ ಹೊಳವನಹಳ್ಳಿಯ ಅಜ್ಜಿಯೊಬ್ಬರು ಬಸ್ ನಿಲ್ಲಿಸಿದರು. ಇಷ್ಟು ಭಾರ ಈ ಸೇತುವೆ ತಡೆಯುವುದಿಲ್ಲ, ತಾನು ನಡೆದೇ ಬರುತ್ತೇನೆ ಎಂದರು. ಲಾರಿಗಳೇ ಹೋಗುತ್ತಿವೆ ಅಂತ ತೋರಿಸಿದೆ. ಅವುಗಳ ಹಣೆಬರಹ ಅವಕ್ಕೆ ಎಂದು ಇಳಿದೇಬಿಟ್ಟರು. ಬಿಟ್ಟು ಹೋಗುವಂತಿಲ್ಲ. ಅಜ್ಜಿ ಮುಂದೆ, ನಾನು ಹಿಂದೆ, ಫಸ್ಟ್ ಗೇರಿನಲ್ಲಿ. ನನ್ನ ಹಿಂದೆ ತಮಿಳುನಾಡಿನ ಅರ್ಧ ವಾಹನಗಳು ಹಾರನ್ ಒತ್ತುತ್ತಿದ್ದವು. ಸೇತುವೆಯ ನಡು ಎತ್ತರದಲ್ಲಿ ಅಜ್ಜಿ ಕೂತು, ಎಲೆಅಡಿಕೆ ಹಾಕಿಕೊಂಡು, ಕೆಳಗಿನ ದೋಣಿಗಳನ್ನು ನಿಧಾನವಾಗಿ ನೋಡಿದರು. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟೆ.

ಆಚೆ ದಡ ಸೇರಿದ ಮೇಲೆ ಹತ್ತಿ ಬಂದು ನನ್ನ ಭುಜ ತಟ್ಟಿದರು. "ಹೆದರ್ಕಂಬ್ಯಾಡ ಮಗ. ವಾಪಸ್ ಬರುವಾಗ್ಲೂ ಇಳೀತೀನಿ. ನಾನು ಇಳಿದಿದ್ದಕ್ಕೇ ಕಣಪ್ಪ ನಿನ್ನ ಬಸ್ಸು ದಾಟಿದ್ದು."

ವಾಸನೆ

ಪಾಂಬನ್‌ನಲ್ಲಿ ಕಾಫಿಗೆ ನಿಲ್ಲಿಸಿ ಹೊರಟದ್ದೇ ಬಸ್ಸಿನೊಳಗೆ ಒಣಮೀನಿನ ವಾಸನೆ ಎದ್ದಿತು. ಕೊರಟಗೆರೆಯ ಭಜನೆ ಯಜಮಾನರು ಕೆಂಡವಾದರು. ದೇವರ ದರ್ಶನಕ್ಕೆ ಮುಂಚೆ ಇಂಥ ಅಪಚಾರ ಮಾಡಿದವರು ಯಾರು ಎಂದು ಸೀಟು ಸೀಟಿಗೂ ಹೋಗಿ ಎಲ್ಲರ ಚೀಲ ಮೂಸಿದರು. ಎಲ್ಲೂ ಸಿಗಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ಅನುಮಾನಿಸುತ್ತ ರಾಮೇಶ್ವರ ತಲುಪಿದರು. ದರ್ಶನ ಮುಗಿದು ಜನ ಮಲಗಲು ಛತ್ರಕ್ಕೆ ಹೋದಾಗ ನನ್ನ ಸೀಟಿನ ಕೆಳಗೆ ಸ್ಪ್ಯಾನರಿಗೆ ಕೈ ಹಾಕಿದೆ. ಮೀನಿನ ಪೊಟ್ಟಣ ಸಿಕ್ಕಿತು.

ಅಷ್ಟರಲ್ಲಿ ಯಜಮಾನರು ಮೆಲ್ಲನೆ ಹಿಂದೆ ಬಂದು ನಿಂತರು. "ಅಲ್ಲೇ ಇರ್ಲಿ ಬುಡಪ್ಪ. ನನ್ನ ಹೆಂಡ್ತಿಗೆ ಗೊತ್ತಾಗಬಾರದು. ಹುಡುಕೋನು ನಾನೇ ಆದ್ರೆ ನನ್ನ ಯಾರು ಹುಡುಕ್ತಾರೆ?"

ಏರಿ ಇಲ್ಲದ ಕೆರೆ

ಮಾರನೆಯ ದಿನ ದ್ವೀಪದ ತುದಿ ಧನುಷ್ಕೋಡಿಗೆ ಹೋದೆವು. ಆ ಮರಳಿಗೆ ಬಸ್ಸು ಹೋಗದು. ಮೀನಿನ ಲಾರಿಯೊಂದರಲ್ಲಿ ಕುಲುಕುತ್ತ ಹೋದದ್ದು. ನಮ್ಮ ಜೊತೆ ಶಿರಾ ಕಡೆಯ ತಾವರೆಕೆರೆಯ ಮುದುಕರೊಬ್ಬರಿದ್ದರು. ಊರ ಕೆರೆಯ ತೂಬು ತೆಗೆದು ಗದ್ದೆಗೆ ನೀರು ಬಿಡುವ ನೀರುಗಂಟಿ ಕೆಲಸದಲ್ಲೇ ಅವರ ಆಯಸ್ಸು ಕಳೆದಿತ್ತು. ದಾರಿಯುದ್ದಕ್ಕೂ ತುಟಿ ಬಿಚ್ಚಿರಲಿಲ್ಲ. ಧನುಷ್ಕೋಡಿ ಎಂಬ ಹೆಸರು ಕಿವಿಗೆ ಬಿದ್ದಾಗ ಮಾತ್ರ, ಕೆರೆ ಕೋಡಿ ಬಿದ್ದಿದೆಯಾ ಎಂದು ಕೇಳಿದ್ದರು.

ಲಾರಿ ಇಳಿದು ಎರಡೂ ಕಡೆಯ ಸಮುದ್ರ ನೋಡಿದರು. ಬಿರುಗಾಳಿಗೆ ಹಾಳಾದ ಊರಿನ ಮೊಂಡು ಗೋಡೆಗಳನ್ನು ನೋಡಿದರು.

"ಏರಿ ಎಲ್ಲಪ್ಪಾ?" ಎಂದು ನನ್ನನ್ನು ಕೇಳಿದರು.

ಸಮುದ್ರಕ್ಕೆ ಏರಿ ಇರುವುದಿಲ್ಲ ಎಂದೆ. ಅದಕ್ಕೇ ಊರು ಹೋಗಿದೆ ಎಂದರು. ಅವರ ಪ್ರಾಯದಲ್ಲಿ ಒಮ್ಮೆ ಮಳೆಗೆ ಕೆರೆಯ ಏರಿ ಒಡೆದು, ಅವರ ಮನೆಯೂ ಸೇರಿ ಒಂದು ಕೇರಿಯೇ ಕೊಚ್ಚಿಹೋಗಿತ್ತಂತೆ. ಅಷ್ಟು ಹೇಳಿ, ಪಂಚೆ ಎತ್ತಿ ಕಟ್ಟಿ, ಮರಳು ಬಾಚಿ ಒಡ್ಡು ಹಾಕಲು ಕೂತರು. ಅಲೆ ಬಂತು, ಒಡ್ಡು ಹೋಯಿತು. ಮತ್ತೆ ಹಾಕಿದರು. ನಗುತ್ತಿದ್ದವರು ನಗು ನಿಲ್ಲಿಸಿದರು. ಇಬ್ಬರು ಹೋಗಿ ಕೈಜೋಡಿಸಿದರು ಕೂಡ. ಲಾರಿಯವನು ಹೊರಡಬೇಕೆಂದು ಗಲಾಟೆ ಮಾಡುತ್ತಿದ್ದ. ಇಂಗೇ ಬುಟ್ಟು ಹೋದರೆ ರಾತ್ರಿ ನಿದ್ದೆ ಹತ್ತುವುದಿಲ್ಲ ಎಂದು ಮುದುಕರು ಏಳಲೇ ಇಲ್ಲ.

ಕೊನೆಗೆ, ಪಕ್ಕದಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಬೆಸ್ತನ ಬಳಿ ಅವರೇ ಎದ್ದು ಹೋದರು. ಕೈಮುಗಿದು ಕನ್ನಡದಲ್ಲೇ ಹೇಳಿದರು, "ನಾನು ಊರಿಗೋಗ್ಬೇಕು ಕಣಪ್ಪ. ಇನ್ನು ಈ ನೀರು ನಿನ್ನ ಕೈಲಿ. ರಾತ್ರಿ ಹೊತ್ತು ಒಂದು ಕಣ್ಣಿಟ್ಟಿರು."

ಬೆಸ್ತನಿಗೆ ಏನು ಅರ್ಥವಾಯಿತೋ ದೇವರಿಗೇ ಗೊತ್ತು. ಬಲೆಯಿಂದ ತಲೆಯೆತ್ತಿ, "ಸರಿ" ಎಂದ.

ಸರಿಗೆ ತಮಿಳಿನಲ್ಲೂ ಸರಿಯೇ. ಸಮುದ್ರವನ್ನು ಜವಾಬ್ದಾರಿ ಇರುವವನೊಬ್ಬನಿಗೆ ಒಪ್ಪಿಸಿ ಬಂದ ನೆಮ್ಮದಿಯಲ್ಲಿ ಮುದುಕರು ಮಧುರೈವರೆಗೂ ಗೊರಕೆ ಹೊಡೆದರು.