ಎಣ್ಣೆ ತುಂಬಿದ ಕಾರಿನ ಉಪವಾಸ

ನೆನಪಿನ ವಿಷಯದಲ್ಲಿ ನಾನು ಪುಕ್ಕಲ. ವಡೋದರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಒಬ್ಬನೇ ಸಾಕ್ಷಿಯನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ, ಈಗ ನನ್ನನ್ನೇ ನಾನು ನಂಬದ ಸ್ಥಿತಿಗೆ ಬಂದಿದ್ದೇನೆ. ದಿನಚರಿ ಬರೆಯುವ ಚಟ ಹತ್ತಿದ್ದೂ ಅದಕ್ಕೇ. ಆದರೆ ದಿನಚರಿ ಬರೆಯುವವನೂ ನಾನೇ ತಾನೆ? ಬೆಳಿಗ್ಗೆ ತಿಂದ ಅವಲಕ್ಕಿಯನ್ನು ರಾತ್ರಿ ಉಪ್ಪಿಟ್ಟು ಎಂದು ಬರೆದು, ಅವಲಕ್ಕಿ ಮಾಡಿದ ಹೆಂಡತಿ ವಸುಧಾಳಿಂದ ಬೈಸಿಕೊಂಡದ್ದುಂಟು. ಇಂಥವನು ‘ನೆನಪಿಲ್ಲ’ ಎಂದರೆ ಅದು ಪ್ರಾಮಾಣಿಕತೆ. ನನ್ನ ದುರದೃಷ್ಟಕ್ಕೆ ಕಳ್ಳರೂ ಇದೇ ಮಾತನ್ನು ಹೇಳುತ್ತಾರೆ.

ನನ್ನ ಮಾವನವರು ಇರುವುದು ಸೂರತ್‌ನ ಕತಾರ್‌ಗಾಮ್‌ನಲ್ಲಿ. ಮೈಸೂರಿನಿಂದ ಸರ್ಕಾರಿ ಕಂಪನಿಯ ಕೆಲಸಕ್ಕೆಂದು ಬಂದವರು ನಿವೃತ್ತಿಯ ನಂತರವೂ ಅಲ್ಲೇ ಉಳಿದರು. ಅವರ ಜೊತೆ ಅವರ ಕಾರೂ ಉಳಿಯಿತು. ಬೆಳಿಗ್ಗೆ ಕಾಫಿಗೂ ಮೊದಲು ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು, ಜ್ವರ ನೋಡುವ ಡಾಕ್ಟರಂತೆ ಬೆಳಕಿಗೆ ಹಿಡಿಯುವುದು ಅವರ ನಿತ್ಯಪೂಜೆ. ಕಣ್ಣಿಗೆ ಪೊರೆ ಬಂದಾಗ ಡಾಕ್ಟರು ಕಾರು ಓಡಿಸಬೇಡಿ ಎಂದರು. ಮಾವ ಎರಡು ದಿನ ಕಾರಿನ ಸುತ್ತಲೇ ಸುಳಿದು, ಕೊನೆಗೆ ನನ್ನನ್ನು ಕರೆದರು. “ಅಳಿಯಂದ್ರೇ, ಕಾರು ನೀವು ತಗೊಂಡ್ಹೋಗಿ. ಚೆನ್ನಾಗಿ ನೋಡ್ಕೊಂಡ್ರೆ ನಿಮಗೇ ಇರ್ಲಿ.” ಮಗಳನ್ನು ಕೊಡುವಾಗ ಹೀಗೊಂದು ಷರತ್ತೇ ಇರಲಿಲ್ಲವಲ್ಲ ಎಂದು ವಸುಧಾ ವಡೋದರ ತಲುಪುವವರೆಗೂ ಗೊಣಗಿದಳು.

ನಾನು ಚೆನ್ನಾಗಿಯೇ ನೋಡಿಕೊಂಡೆ. ಗೋರ್ವಾ ಬಡಾವಣೆಯ ನಮ್ಮ ವಸತಿ ಸೊಸೈಟಿಯಲ್ಲಿ ದಿನವೂ ಕಡ್ಡಿ ಎಳೆದು ನೋಡುತ್ತಿದ್ದೆ. ಅದನ್ನು ನೋಡಿದ ಪಕ್ಕದ ಮನೆಯ ಪರಾಗ್‌ಭಾಯಿ, ನನ್ನೊಳಗೊಬ್ಬ ರೇಸಿನವನಿದ್ದಾನೆ ಎಂದುಕೊಂಡುಬಿಟ್ಟರು. ಅಹಮದಾಬಾದಿನ ಹೊರಗೆ ಒಂದು ಪುಟ್ಟ ರೇಸ್ ಟ್ರ್ಯಾಕ್ ಇದೆ, ಭಾನುವಾರ ನಮ್ಮ ನಮ್ಮ ಕಾರುಗಳನ್ನೇ ಓಡಿಸಬಹುದು, ಬನ್ನಿ ಎಂದರು. ಸುಮ್ಮನೆ ನೋಡಲು ಹೋದೆ. ನೋಡಲು ಹೋದವನ ತಲೆಗೆ ಹೆಲ್ಮೆಟ್ ಹೇಗೆ ಬಂತೋ ತಿಳಿಯದು. ಅಲ್ಲೊಂದು ಉದ್ದನೆಯ ಬಲ ತಿರುವು. ಮುಗಿಯಿತು ಅಂದುಕೊಂಡರೆ ಇನ್ನೂ ತಿರುಗುತ್ತಲೇ ಇರುತ್ತದೆ, ನವರಾತ್ರಿಯ ಗರ್ಬಾದ ಹಾಗೆ. ಬೇಲಿಯ ಆಚೆಯಿಂದ ಪರಾಗ್‌ಭಾಯಿ “ಚಾಲೋ ಪ್ರೊಫೆಸರ್, ದಬಾವೋ!” ಎಂದು ಕೂಗಿದರು. ಒತ್ತಿದೆ. ಸುತ್ತಿನ ಮೇಲೆ ಸುತ್ತು ಆಕ್ಸಿಲರೇಟರ್ ಒತ್ತಿದೆ. ಜೀವನದಲ್ಲಿ ಮೊದಲ ಸಲ ಒಬ್ಬರನ್ನು ಹಿಂದೆ ಹಾಕಿದೆ; ಅವರು ನಿಲ್ಲಿಸಲು ಹೊರಟಿದ್ದರು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಬಾನೆಟ್ಟಿನ ಒಳಗೆ ಯಾರೋ ಕುಟ್ಟಾಣಿಯಲ್ಲಿ ಶುಂಠಿ ಕುಟ್ಟಿದಂಥ ಸದ್ದು. ಆಮೇಲೆ ಅದೂ ಇಲ್ಲ.

ಕಾರನ್ನು ಎಳೆದು ತಂದ ಮೇಲೆ ನಮ್ಮ ಗ್ಯಾರೇಜಿನ ಭರತ್‌ಭಾಯಿ ಮೊದಲು ಕಡ್ಡಿ ಎಳೆದ. “ತೇಲ್ ತೋ ಫುಲ್ ಛೇ, ಸಾಹೇಬ್!” ಎಂದು, ಎಣ್ಣೆ ತುಂಬಿರುವುದನ್ನು ತೋರಿಸಿ ತಲೆ ಕೆರೆದುಕೊಂಡ. ಬಿಚ್ಚಿ ನೋಡಿದರೆ ಬೇರಿಂಗುಗಳು ಎಣ್ಣೆ ಕಾಣದೆ ಒಣಗಿ, ಸವೆದು, ಅಂಟಿಕೊಂಡಿದ್ದವು. ತರಕಾರಿಯೂ ಎಣ್ಣೆಯಲ್ಲಿ ಈಜುವ ಗುಜರಾತಿನಲ್ಲಿ ನನ್ನ ಎಂಜಿನ್ ಎಣ್ಣೆಯಿಲ್ಲದೆ ಸತ್ತಿತ್ತು. ಅದೂ ಹೊಟ್ಟೆ ತುಂಬ ಎಣ್ಣೆ ಇಟ್ಟುಕೊಂಡು! ಪರಾಗ್‌ಭಾಯಿ ಬಿಡಿಸಿ ಹೇಳಿದ ಮೇಲೆಯೇ ನನಗೆ ಅರ್ಥವಾದದ್ದು. ಉದ್ದ ತಿರುವಿನಲ್ಲಿ ಎಂಜಿನ್ನಿನ ಕೆಳಗಿನ ತಟ್ಟೆಯ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ಏರಿಬಿಡುತ್ತದಂತೆ. ಎಣ್ಣೆ ಹೀರುವ ಕೊಳವೆಗೆ ಗಾಳಿ ಮಾತ್ರ ಸಿಗುತ್ತದಂತೆ.

ಎಂಜಿನ್ ಮರುಜೋಡಣೆಗೆ ಗ್ಯಾರೇಜಿನಲ್ಲಿ ಮಲಗಿತು. ಅತ್ತ ಮಾವನವರ ಪೊರೆಯ ಆಪರೇಷನ್ ಮುಗಿಯಿತು. ನೋಡಲು ರೈಲಿನಲ್ಲಿ ಹೋದೆವು.

“ಕಾರೆಲ್ಲಿ?” ಎಂಬುದೇ ಅವರ ಮೊದಲ ಪ್ರಶ್ನೆ.

ಹೇಳಿದೆ. ಕಪ್ಪು ಕನ್ನಡಕದ ಹಿಂದೆ ಕಣ್ಣು ಹೇಗಿತ್ತೋ ಕಾಣಲಿಲ್ಲ.

“ಎಣ್ಣೆ ಇಲ್ದೆ? ದಿನಾ ನೋಡ್ತಿದ್ದೆ ಅಂದ್ರಲ್ಲ?”

“ಎಣ್ಣೆ ಇತ್ತು ಮಾವ. ಎಂಜಿನ್‌ಗೆ ಸಿಗ್ಲಿಲ್ಲ.”

“ಇದೇನು ರೇಷನ್ ಅಂಗಡೀನಾ, ಇದ್ದೂ ಸಿಗದೆ ಇರೋಕೆ?”

ನನ್ನೊಳಗಿನ ಮೇಷ್ಟ್ರು ಎದ್ದ. ಅಗಲವಾದ ಬಟ್ಟಲಿಗೆ ಸ್ವಲ್ಪ ಮಜ್ಜಿಗೆ ಸುರಿದು, ಎಳನೀರಿನ ಸ್ಟ್ರಾ ಒಂದನ್ನು ನಡುವೆ ನಿಲ್ಲಿಸಿ, “ಹೀರಿ ಮಾವ” ಎಂದೆ. ಅವರು ಹೀರತೊಡಗಿದಾಗ ಬಟ್ಟಲನ್ನು ಮೆಲ್ಲಗೆ ಓರೆ ಮಾಡಿದೆ. ಮಜ್ಜಿಗೆ ಒಂದು ಅಂಚಿಗೆ ಹೋಯಿತು. ಸ್ಟ್ರಾ ‘ಸೊರ್‌ರ್’ ಎಂದಿತು.

“ಮಜ್ಜಿಗೆ ಕಾಣ್ತಿದೆ, ಬಾಯಿಗೆ ಬರ್ತಿಲ್ವಲ್ರೀ!”

“ಅದೇ ಮಾವ! ಎಂಜಿನ್‌ಗೂ ಹೀಗೇ ಆಯ್ತು.”

ನನ್ನ ಅಧ್ಯಾಪನ ಇಷ್ಟು ಸಫಲವಾದದ್ದು ಹಿಂದೆಂದೂ ಇಲ್ಲ. ಮಾವ ಮೀಸೆ ಒರೆಸಿಕೊಂಡು ನಿಧಾನವಾಗಿ ಹೇಳಿದರು: “ಅರ್ಥ ಆಯ್ತು. ಆದ್ರೆ ಬರ್ತಿಲ್ಲ ಅಂತ ನಾನು ಬಾಯಿಬಿಟ್ಟು ಹೇಳಿದೆ. ಎಂಜಿನ್ನೂ ಹೇಳುತ್ತೆ. ಅದಕ್ಕೇ ಕೆಂಪು ದೀಪ ಇಟ್ಟಿರೋದು. ಹತ್ತಿತ್ತಾ?”

ವಸುಧಾ ನನ್ನನ್ನೇ ನೋಡಿದಳು. ಕಾರು ನಮ್ಮದಾಗುವುದೋ ಇಲ್ಲವೋ ಈ ಉತ್ತರದಲ್ಲಿತ್ತು. ಕಣ್ಣು ಮುಚ್ಚಿ ನೆನೆದೆ. ಒಮ್ಮೆ ದೀಪ ಮಿಣಕ್ಕೆಂದಂತೆ ಕಂಡಿತು. ಇನ್ನೊಮ್ಮೆ ಡ್ಯಾಶ್‌ಬೋರ್ಡು ಪೂರ್ತಿ ಕತ್ತಲು. ಎರಡೂ ಅಷ್ಟೇ ಸ್ಪಷ್ಟ. ಯಾವುದು ಕಂಡದ್ದು, ಯಾವುದು ಅವರು ಕೇಳಿದ ಮೇಲೆ ಹುಟ್ಟಿಕೊಂಡದ್ದು? ಇಲ್ಲ ಎಂದಿದ್ದರೆ ಕೀಲಿ ನನ್ನದು. ಹೌದು ಎಂದಿದ್ದರೆ ಕ್ಷಮೆಯಾದರೂ ಸಿಗುತ್ತಿತ್ತು.

“ನೆನಪಿಲ್ಲ ಮಾವ” ಎಂದೆ.

“ಅಪ್ಪಾ, ಇವರಿಗೆ ನಿಜವಾಗ್ಲೂ ನೆನಪಿರಲ್ಲ” ಎಂದು ವಸುಧಾ ಬೆಂಬಲಕ್ಕೆ ಬಂದಳು. “ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ.”

“ಹಾಗಾದ್ರೆ ಇನ್ನೂ ಕಷ್ಟ ಆಯ್ತಲ್ಲಮ್ಮ” ಎಂದರು ಮಾವ.

ಮರುಜೋಡಣೆಯಾದ ಕಾರು ಸೂರತ್‌ಗೇ ಮರಳಿತು. ಹೊಸ ಕಣ್ಣಿನ ಮಾವನಿಗೆ ಡಾಕ್ಟರು ಸ್ಟಿಯರಿಂಗ್ ಹಿಡಿಯಲು ಒಪ್ಪಿಗೆ ಕೊಟ್ಟಿದ್ದಾರೆ. ನಾವು ಹೋದಾಗಲೆಲ್ಲ ಅವರೇ ನಮ್ಮನ್ನು ಕೂರಿಸಿಕೊಂಡು ಊರು ಸುತ್ತಿಸುತ್ತಾರೆ, ಸೈಕಲ್ಲಿನವರು ಹಿಂದಿಕ್ಕುವ ವೇಗದಲ್ಲಿ. ಮುಂದಿನ ಸೀಟು ನನಗೇ ಮೀಸಲು. “ಅಳಿಯಂದ್ರೇ, ನಾನು ರಸ್ತೆ ನೋಡ್ತೀನಿ, ನೀವು ದೀಪ ನೋಡಿ” ಎಂದು ಕೆಲಸ ಹಂಚಿಬಿಟ್ಟಿದ್ದಾರೆ. ಕತ್ತು ಓರೆ ಮಾಡಿಕೊಂಡು ನೋಡುತ್ತೇನೆ. ಹಿಂದಿನ ಸೀಟಿನಲ್ಲಿ ವಸುಧಾ “ತಾಪಿ ನದಿ ಎಷ್ಟು ತುಂಬಿದೆ ನೋಡ್ರೀ, ಆಹಾ, ಆ ಸೇತುವೆ ನೋಡ್ರೀ” ಎನ್ನುತ್ತಿರುತ್ತಾಳೆ. ನಾನು ತಲೆ ಎತ್ತಿದರೆ ಮಾವ ಗಂಟಲು ಸರಿಮಾಡಿಕೊಳ್ಳುತ್ತಾರೆ. ಮೊನ್ನೆ ಕಾಲೇಜಿನಲ್ಲಿ ಯಾರೋ, ಸೂರತ್ ಈಗ ಬಹಳ ಬದಲಾಗಿದೆಯಂತಲ್ಲ, ಹೇಗಿದೆ ಎಂದು ಕೇಳಿದರು. ಪೆಟ್ರೋಲ್ ಮುಳ್ಳಿನ ಪಕ್ಕದಲ್ಲಿ ಒಂದು ಸಣ್ಣ ಗೀರು ಬಿದ್ದಿದೆ, ಉಳಿದಂತೆ ಏನೂ ಬದಲಾಗಿಲ್ಲ ಎಂದೆ.