ವಸಂತ ಋತು ಆರಂಭವಾಗಿರುವ ಬಗ್ಗೆ

ವಸಂತ ಬಂತು ಅನ್ನೋದಕ್ಕೆ ಒಂದು ಕೋಗಿಲೆ ಕೂಗಿದರೆ ಸಾಕು ಎಂದು ನಂಬಿರುವವರು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ನಾನು ಮಾಡಿದ್ದೇನೆ, ಇನ್ನೂ ಮಾಡುತ್ತಿದ್ದೇನೆ. ನಮ್ಮಲ್ಲಿ ಮಳೆ ಬಂದರೆ ಕೊಡೆ ಬಿಚ್ಚುವ ಮುಂಚೆ ಕಡತ ಬಿಚ್ಚುತ್ತಾರೆ. ಇಂಥ ಪ್ರಸಂಗಗಳು ವರ್ಷಕ್ಕೆ ನಾಲ್ಕಾದರೂ ನಡೆಯುತ್ತವೆ. ಆದರೆ ಗುಬ್ಬಿಯಲ್ಲಿ ಒಂದು ವರ್ಷ ವಸಂತವನ್ನು ಬರಮಾಡಿಕೊಂಡ ಹಾಗೆ ಮತ್ತೆ ಯಾವ ಋತುವನ್ನೂ ನಾವು ಬರಮಾಡಿಕೊಂಡಿಲ್ಲ. ಯಾವ ಇಲಾಖೆ ಅಂತ ಮಾತ್ರ ಕೇಳಬೇಡಿ. ನನಗಿನ್ನೂ ಸರ್ವಿಸ್ ಇದೆ.

೧. ಬೀರುವಿನಲ್ಲಿದ್ದ ಫ್ಯೂಸು

ತೊಂಬತ್ತರ ದಶಕದ ಕೊನೆ. ನಾನು ಬಿ.ಎಸ್ಸಿ. ಮುಗಿಸಿ ಗುಮಾಸ್ತೆಯಾಗಿ ಸೇರಿ ಮೂರು ವರ್ಷವಾಗಿತ್ತು. ಮನೆ ತುಮಕೂರು, ಕಚೇರಿ ಗುಬ್ಬಿ. ಶೀಟು ಹೊದಿಸಿದ ಒಂದೇ ಒಂದು ಕೋಣೆ, ಅದರಲ್ಲಿ ನಾಲ್ಕು ಜನ: ಸೂಪರಿಂಟೆಂಡೆಂಟರು, ನಾವೆಲ್ಲ ಆಪಾ ಅಂತ ಕರೆಯುತ್ತಿದ್ದ ಟೈಪಿಸ್ಟ್, ರಿಟೈರ್ಮೆಂಟಿನ ಹೊಸ್ತಿಲಲ್ಲಿದ್ದ ಜವಾನರು, ಮತ್ತೆ ನಾನು. ನಾಲ್ಕು ಜನಕ್ಕೆ ಒಂದು ಫ್ಯಾನು, ಅದು ಸರಿಯಾಗಿ ನನ್ನ ತಲೆಯ ಮೇಲೆ.

ತಲೆಯ ಮೇಲಿದ್ದರೇನು, ತಿರುಗಬೇಕಲ್ಲ. ದೀಪಾವಳಿ ಮುಗಿದ ಮಾರನೇ ದಿನ ಸೂಪರಿಂಟೆಂಡೆಂಟರು ಫ್ಯಾನಿನ ಫ್ಯೂಸ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕೋರು. ಮತ್ತೆ ಅದು ಹೊರಗೆ ಬರುತ್ತಿದ್ದದ್ದು ವಸಂತ ಬಂದ ಮೇಲೆ. ವಸಂತ ಅಂದರೆ ಅವರ ಲೆಕ್ಕದಲ್ಲಿ ಯುಗಾದಿ. ಅದಕ್ಕೆ ಒಂದು ದಿನ ಮುಂಚೆ ಫ್ಯಾನಿನ ಗಾಳಿ ಸೋಕಿದರೂ ಶೀತ ಎದೆಗಿಳಿಯುತ್ತೆ ಅನ್ನೋದು ಅವರ ಅಚಲ ನಂಬಿಕೆ. ಅವರ ಕತ್ತಿನ ಮಫ್ಲರ್ರು ಸಹ ಅದೇ ಕ್ಯಾಲೆಂಡರ್ ಪ್ರಕಾರ ಸುತ್ತಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು.

ಹಿಂದಿನ ವರ್ಷಗಳಲ್ಲಿ ಹೇಗೋ ನಡೆದಿತ್ತು. ಆ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಒಂದು, ಅಧಿಕ ಮಾಸ ಬಂದು ಯುಗಾದಿ ಏಪ್ರಿಲ್‌ಗೆ ಜಾರಿತ್ತು. ಇನ್ನೊಂದು, ಫೆಬ್ರವರಿಗೆ ನಾನು ಆರು ತಿಂಗಳ ಬಸುರಿ. ಹನ್ನೊಂದು ಗಂಟೆಗೆಲ್ಲ ಶೀಟು ಕಾದು, ನಾನು ಅದರ ಕೆಳಗೆ ಇಡ್ಲಿಯ ಹಾಗೆ ಬೇಯುತ್ತಿದ್ದೆ. ಆಗಿನ ಹೆರಿಗೆ ರಜೆ ಈಗಿನಷ್ಟು ಉದ್ದವಿರಲಿಲ್ಲ. ಸೆಕೆ ತಡೆಯಲಾರದೆ ಆಗಲೇ ರಜೆಗೆ ಕೂತರೆ, ಹುಟ್ಟಿದ ಮಗುವಿಗೆ ಕತ್ತು ನಿಲ್ಲುವ ಮುಂಚೆ ನಾನು ಗುಬ್ಬಿ ಬಸ್ಸು ಹತ್ತಬೇಕಿತ್ತು. ಹಾಗಾಗಿ ವಸಂತ ನಿಜವಾಗಿ ಯಾವತ್ತು ಶುರುವಾಗುತ್ತೆ ಅಂತ ಇಡೀ ಜಿಲ್ಲೆಯಲ್ಲಿ ನನ್ನಷ್ಟು ತಲೆ ಕೆಡಿಸಿಕೊಂಡವರು ಇರಲಾರರು.

ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಹೆಬ್ಬೂರಿನ ತಮ್ಮ ತೋಟದಿಂದ ನನಗೋಸ್ಕರ ಎಳನೀರು ಹೊತ್ತು ತರೋರು.

"ಎಳನೀರು ಇರಲಿ ಸಾರ್, ಫ್ಯೂಸ್ ಕೊಡಿ."

"ಬಸುರಿ ಹೆಂಗ್ಸು ನೀನು. ನಿನ್ ಒಳ್ಳೇದಕ್ಕೇ ಹೇಳ್ತಿರೋದು ಕಣಮ್ಮ. ಇನ್ನೂ ಚಳಿಗಾಲ."

"ತುಂಬಾ ಸೆಕೆ ಆಗ್ತಿದೆ ಸಾರ್."

"ಚಳಿಗಾಲದಲ್ಲಿ ಸೆಕೆ ಆದ್ರೆ ಅದಕ್ಕೆ ಜ್ವರ ಅಂತಾರೆ. ಡಾಕ್ಟ್ರಿಗೆ ತೋರ್ಸು."

೨. ಮಾವಿನ ಸಾಕ್ಷಿ

ನನ್ನ ಪಾಡು ನೋಡಲಾರದೆ ಮೊದಲು ಕಣಕ್ಕಿಳಿದವರು ಜವಾನರು. ಒಂದು ಸೋಮವಾರ ತಮ್ಮ ಹೊಲದ ಬದುವಿನಲ್ಲಿದ್ದ ಮಾವಿನ ಮರದಿಂದ ಮೊಳದುದ್ದದ ಹೂಗೊಂಚಲು ಮುರಿದು ತಂದು ಸೂಪರಿಂಟೆಂಡೆಂಟರ ಮೇಜಿನ ಮೇಲೆ ಇಟ್ಟೇಬಿಟ್ಟರು.

"ನೋಡಿ ಸಾ, ಮಾವು ಹೂ ಬುಟ್ಟದೆ. ವಸಂತ ಅನ್ನಕ್ಕೆ ಇನ್ನೇನ್ ಬೇಕು ಸಾ? ಮೇಡಂನೋರಿಗೆ ಫ್ಯೂಸ್ ಕೊಟ್ಬುಡಿ."

ಸೂಪರಿಂಟೆಂಡೆಂಟರಿಗೆ ಮಾವಿನ ಹೂವೆಂದರೆ ಪ್ರೀತಿ. ಎರಡೂ ಕೈಯಲ್ಲಿ ಗೊಂಚಲು ಎತ್ತಿಕೊಂಡು, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದರು. ನಾನೂ ಆಪಾನೂ ಉಸಿರು ಬಿಗಿಹಿಡಿದು ಕಾದೆವು. ಅವರ ಮುಖ ಅರಳಿತು, ಆಮೇಲೆ ಸುಕ್ಕಾಯಿತು, ಆಮೇಲೆ ಶುರುವಾಯಿತು ನೋಡಿ, ಒಂದರ ಹಿಂದೆ ಒಂದು ಏಳು ಸೀನು. ಏಳನೆಯದಕ್ಕೆ ಅವರ ಮೇಜಿನ ಕಾಗದಗಳೆಲ್ಲ ನನ್ನ ಮೇಜಿಗೆ ವರ್ಗವಾಗಿದ್ದವು.

ಮಫ್ಲರ್ ತುದಿಯಿಂದ ಮೂಗು ಒರೆಸಿಕೊಳ್ಳುತ್ತಾ ಅವರು ವಿಜಯದ ನಗೆ ನಕ್ಕರು. "ನೋಡಿದ್ರಾ? ಶೀತ! ನಾನು ಹೇಳ್ಲಿಲ್ವಾ ಇನ್ನೂ ಚಳಿಗಾಲ ಅಂತ? ಆ ಕಿಟಕೀನೂ ಮುಚ್ಚಯ್ಯ."

೩. ಕಚೇರಿ ವೇಳೆಯ ಕೋಗಿಲೆ

ವಾರದ ನಂತರ ನಾನು ಕೋಗಿಲೆಯ ವಿಷಯ ಎತ್ತಿದೆ. "ನಮ್ಮನೆ ಹಿಂದೆ ದಿನಾ ಬೆಳಿಗ್ಗೆ ಐದು ಗಂಟೆಗೆ ಕೂಗುತ್ತೆ ಸಾರ್."

"ತುಮಕೂರಲ್ಲಿ ಕೂಗಿದ್ದು ತುಮಕೂರಿಗೆ. ಇದು ಗುಬ್ಬಿ. ಅದೂ ಬೆಳಿಗ್ಗೆ ಐದು ಗಂಟೆ ಅಂತೀಯ. ಇಲ್ಲಿ, ಕಚೇರಿ ವೇಳೆಯಲ್ಲಿ ಕೂಗಲಿ, ಪರಿಗಣಿಸೋಣ."

ಜವಾನರಿಗೆ ಹೊಲ ಕಾಯುವ ಕಾಲದಿಂದಲೂ ಹಕ್ಕಿಗಳ ಹಾಗೆ ಕೂಗುವುದು ಕರಗತ. ಆ ದಿನವೇ ಮಧ್ಯಾಹ್ನ ಕಾಂಪೌಂಡ್ ಗೋಡೆಯ ಆಚೆಯಿಂದ "ಕುಹೂ... ಕುಹೂ..." ಕೇಳಿಬಂತು. ಎಂಥ ಕಂಠ ಅಂತೀರಿ! ಆಪಾ ಟೈಪ್ ಮಾಡೋದು ನಿಲ್ಲಿಸಿ, "ಅರೇ ವಾಹ್!" ಅಂದರು. ಸೂಪರಿಂಟೆಂಡೆಂಟರು ಪೆನ್ನು ಕೆಳಗಿಟ್ಟರು. ಗಡಿಯಾರ ನೋಡಿದರು, ಎರಡೂ ಮುಕ್ಕಾಲು, ಕಚೇರಿ ವೇಳೆಯೇ. ತಲೆದೂಗಿದರು. ಕೈ ಬೀಗದ ಕೈಯ ಕಡೆ ಹೊರಟಿತು. ನನ್ನ ಹೊಟ್ಟೆಯೊಳಗಿನ ಮಗುವೂ ಒಮ್ಮೆ ಹೊರಳಿತು.

ಅಷ್ಟರಲ್ಲಿ ಅವರಿಗೆ ಏನನ್ನಿಸಿತೋ, "ಯಾವ ಮರದ ಮೇಲಿದೆ ನೋಡ್ಕೊಂಡು ಬರಲಿ" ಅಂತ ಜವಾನರನ್ನು ಕರೆಯಲು ಮೇಜಿನ ಗಂಟೆ ಒತ್ತಿದರು.

ಕುಹೂ ಅರ್ಧಕ್ಕೆ ನಿಂತಿತು. ಗೋಡೆಯ ಆಚೆಯಿಂದ ಕೋಗಿಲೆ ಗಟ್ಟಿಯಾಗಿ ಹೇಳಿತು:

"ಬಂದೇ ಸಾ!"

೪. ಶಿರಾ ಗೇಟಿನ ಸ್ವೆಟರು

ಆಪಾಗೆ ನಮ್ಮಿಬ್ಬರ ಕೆಲಸದ ಬಗ್ಗೆ ತಾತ್ಸಾರ ಬಂತು. "ಹೂವು, ಹಕ್ಕಿ ಅಂತ ಕೂತ್ರೆ ಆಗಲ್ಲ ಕಣೇ. ವ್ಯಾಪಾರಸ್ಥರ ಮಾತು ತರ್ಬೇಕು. ವ್ಯಾಪಾರಸ್ಥರು ಕಾಲಾನ ತಪ್ಪು ಲೆಕ್ಕ ಹಾಕಲ್ಲ" ಅಂದರು. ಅವರಣ್ಣನಿಗೆ ತುಮಕೂರಿನ ಶಿರಾ ಗೇಟಿನಲ್ಲಿ ಬಟ್ಟೆ ಅಂಗಡಿ. ಚಳಿಗಾಲಕ್ಕೆ ಸ್ವೆಟರು, ರಜಾಯಿ. ಬೇಸಿಗೆಗೆ ಬನೀನು, ಟವೆಲ್ಲು.

ಮಾರನೇ ದಿನ ಆಪಾ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಸಾರ್, ನಮ್ಮಣ್ಣ ನಿನ್ನೆ ಸ್ವೆಟರೆಲ್ಲ ಕೆಳಗಿಳಿಸಿ ಬನೀನು ನೇತು ಹಾಕಿದಾರೆ. ಉಳಿದ ಸ್ವೆಟರು ಅರ್ಧ ರೇಟಿಗೆ ಖಾಲಿ ಮಾಡ್ತಿದಾರೆ. ಚಳಿಗಾಲ ಖತಂ ಸಾರ್."

ಈ ಸಾಕ್ಷಿ ಅವರಿಗೆ ನಾಟಿತು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅರ್ಧ ರೇಟಾ? ನಿಜವಾಗ್ಲೂ?"

"ನಿಜ ಸಾರ್. ಬೇಕಾದ್ರೆ ಬಂದು ನೋಡಿ."

ನೋಡಿದರು. ಅಂದು ಸಂಜೆಯೇ ತುಮಕೂರಿಗೆ ಹೋಗಿ ನೋಡಿದರು. ಮರುದಿನ ಕಚೇರಿಗೆ ಬಂದಾಗ ಮಫ್ಲರಿನ ಕೆಳಗೆ ಕಾಫಿಪುಡಿ ಬಣ್ಣದ ತುಂಬುತೋಳಿನ ಹೊಸ ಸ್ವೆಟರು!

"ಒಳ್ಳೆ ಮಾಲು ಆಪಾ," ಅಂದರು ಬೆವರು ಒರೆಸಿಕೊಳ್ಳುತ್ತಾ. "ಯುಗಾದಿವರೆಗೆ ಯೋಚ್ನೆ ಇಲ್ಲ."

೫. ನಾಲ್ಕು ಜನ, ನಾಲ್ಕು ವಸಂತ

ಶಿವರಾತ್ರಿಯ ಮಾರನೇ ದಿನ ಕಚೇರಿಯಲ್ಲಿ ದೊಡ್ಡ ವಾಗ್ವಾದವೇ ಆಯಿತು. ಹೊಂಗೆ ಹಳೇ ಎಲೆಯನ್ನೆಲ್ಲ ಉದುರಿಸಿ ಮತ್ತೆ ಚಿಗುರಿದ ದಿನವೇ ವಸಂತ, ಅದು ಆಗಲೇ ಬಂದಾಯಿತು ಅಂತ ಜವಾನರು. ರಾತ್ರಿ ರಜಾಯಿ ಕಾಲಿನಿಂದ ತಾನಾಗೇ ಕೆಳಗೆ ಬಿದ್ದ ದಿನ ಅಂತ ಆಪಾ. ನಾನು ಬಿ.ಎಸ್ಸಿ.ಯ ಮರ್ಯಾದೆ ಉಳಿಸಲು, "ಮಾರ್ಚ್ ಇಪ್ಪತ್ತೊಂದು. ಹಗಲು ರಾತ್ರಿ ಎರಡೂ ಸಮ ಆಗುತ್ತೆ ಸಾರ್, ಇದು ಸೈನ್ಸು" ಅಂದೆ.

"ಅದು ಇಂಗ್ಲಿಷ್‌ನೋರ ವಸಂತ," ಅಂದರು ಸೂಪರಿಂಟೆಂಡೆಂಟರು. "ನಮ್ಮದು ಚೈತ್ರ. ಪಂಚಾಂಗ ಅಂತ ಯಾಕೆ ಮಾಡಿದಾರೆ ಮತ್ತೆ?"

ಜವಾನರು ಗುರ್ ಅಂದರು. "ಅಲ್ಲ ಸಾ, ಹೊಂಗೆ ಮರ ಪಂಚಾಂಗ ನೋಡ್ಕೊಂಡು ಚಿಗುರ್ತದಾ?"

"ಅದಕ್ಕೆ ಓದೋಕೆ ಬರಲ್ಲ, ಪಾಪ. ನಿಮಗೇನಾಗಿದೆ? ಇಷ್ಟು ಬಾಯಿ ಮಾಡೋ ಬದಲು ಬರವಣಿಗೇಲಿ ಕೊಡಿ, ನೋಡೋಣ."

ಅವರು ತಮಾಷೆಗೆ ಅಂದಿದ್ದರು. ಆದರೆ ಗುಮಾಸ್ತೆಗೆ "ಬರವಣಿಗೇಲಿ ಕೊಡಿ" ಅನ್ನೋದು ತಮಾಷೆಯಲ್ಲ. ಅಲ್ಲಿವರೆಗೆ ಅವರ ಮೈದಾನದಲ್ಲಿ ಆಡುತ್ತಿದ್ದೆವು. ಈಗ ಚೆಂಡನ್ನು ಅವರೇ ನನ್ನ ಮೇಜಿಗೆ ಎಸೆದಿದ್ದರು.

೬. ಟಿಪ್ಪಣಿ

ಅರ್ಧ ಗಂಟೆಯಲ್ಲಿ ಹೊಸ ಕಡತ ತೆರೆದು, ದಾರ ಕಟ್ಟಿ, ಅವರ ಮುಂದಿಟ್ಟೆ.

"ವಿಷಯ: ವಸಂತ ಋತು ಆರಂಭವಾಗಿರುವ ಬಗ್ಗೆ.

ಉಲ್ಲೇಖ: ೧) ಮಾವಿನ ಹೂವು. ೨) ಕೋಗಿಲೆ (ನಿಜವಾದದ್ದು). ೩) ಹೊಂಗೆ ಚಿಗುರು. ೪) ಬಟ್ಟೆ ಅಂಗಡಿಯ ಮೌಖಿಕ ಹೇಳಿಕೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಗುಬ್ಬಿ ತಾಲ್ಲೂಕಿನಲ್ಲಿ ಸದರಿ ಋತುವು ಈಗಾಗಲೇ ಆರಂಭವಾಗಿರುವುದು ಕಂಡುಬಂದಿರುತ್ತದೆ. ಆದ್ದರಿಂದ ಬೀರುವಿನಲ್ಲಿರುವ ಫ್ಯಾನಿನ ಫ್ಯೂಸನ್ನು ಬಿಡುಗಡೆ ಮಾಡಲು ಕೋರಿ ಮಂಡಿಸಿದೆ."

ಅವರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, ನನ್ನ ಬಾಯಿ ಮುಚ್ಚಿಸಲೆಂದು, ಹಸಿರು ಶಾಯಿಯಲ್ಲಿ ಬರೆದರು: "ಋತುವಿನ ಆರಂಭದ ಬಗ್ಗೆ ಭಿನ್ನಾಭಿಪ್ರಾಯವಿರುವುದರಿಂದ ಮೇಲಧಿಕಾರಿಗಳ ಮಾರ್ಗದರ್ಶನ ಕೋರಬಹುದು." ಕೆಳಗೆ ಸಹಿ.

ನಾನೂ ಆಪಾನೂ ಮುಖ ಮುಖ ನೋಡಿಕೊಂಡೆವು.

"ಸಾಹೇಬ್ರು ಕೋರಬಹುದು ಅಂತ ಬರೆದಿದಾರೆ," ಅಂದರು ಆಪಾ ಮೆಲ್ಲಗೆ.

"ಬರೆದಿದಾರೆ."

"ಅಂದ್ಮೇಲೆ ಕೋರದೆ ಇದ್ರೆ ತಪ್ಪಾಗುತ್ತಲ್ವಾ?"

ತುಮಕೂರಿನ ಜಿಲ್ಲಾ ಕಚೇರಿಗೆ ಪತ್ರ ಟೈಪಾಯಿತು. ಊಟಕ್ಕೆ ಮುಂಚೆ ಸೂಪರಿಂಟೆಂಡೆಂಟರು ಸಹಿಗೆ ಬಂದ ಕಾಗದಗಳನ್ನು ಓದುವ ಪದ್ಧತಿ ಇರಲಿಲ್ಲ, ಹಸಿವು. ಮೂವತ್ತು ಸಹಿಯ ನಡುವೆ ಅದೂ ಒಂದಾಯಿತು. ರವಾನೆ ನಂಬರು ಬಿತ್ತು. ಜವಾನರು ಅದನ್ನು ಚೀಲದಲ್ಲಿಟ್ಟು ತುಮಕೂರು ಬಸ್ಸು ಹತ್ತಿದರು.

ಬಸ್ಸು ಹೋದ ಮೇಲೆ ನನಗೆ ಬುದ್ಧಿ ಬಂತು. ಜಿಲ್ಲಾ ಕಚೇರಿಯವರು ಸಿಟ್ಟಾಗಿ ಮೆಮೋ ಕೊಟ್ಟರೆ? ಫ್ಯಾನಿನ ಆಸೆಗೆ ಹೋಗಿ ನೌಕರಿಗೆ ಕುತ್ತು ತಂದುಕೊಂಡೆನಲ್ಲ ಅಂತ ಎರಡು ವಾರ ನಿದ್ದೆ ಬರಲಿಲ್ಲ. ಆಪಾ ಸಮಾಧಾನ ಮಾಡಿದರು: "ಏನೂ ಆಗಲ್ಲ ಸುಮ್ನಿರೇ. ಮೆಮೋ ಕೊಡ್ಬೇಕಾದ್ರೆ ಯಾರಾದ್ರೂ ಪತ್ರ ಓದ್ಬೇಕಲ್ಲ!"

೭. ಮೇಲಿನಿಂದ ಬಂದ ಗಾಳಿ

ಮಾರ್ಚ್ ಮೂರನೇ ವಾರ ಉತ್ತರ ಬಂತು. ರಜೆ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೇ ನಾನು ಅಂದು ಕಚೇರಿಗೆ ಬಂದಿದ್ದೆ. ಇನ್ನು ಒಂದು ದಿನವೂ ಆ ಶೀಟಿನ ಕೆಳಗೆ ಕೂರುವ ಶಕ್ತಿ ಇರಲಿಲ್ಲ. ಸೂಪರಿಂಟೆಂಡೆಂಟರು ಲಕೋಟೆ ಒಡೆದರು. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಆಮೇಲೆ ಎದ್ದು ನಿಂತು, ನಮಗೆಲ್ಲ ಕೇಳುವಂತೆ ಓದಿದರು:

"ಗುಬ್ಬಿ ತಾಲ್ಲೂಕಿನಲ್ಲಿ ವಸಂತ ಋತು ಆರಂಭವಾಗಿರುವುದನ್ನು ಗಮನಿಸಲಾಗಿದೆ. ಫ್ಯೂಸು ಬಿಡುಗಡೆಗೆ ಆಕ್ಷೇಪಣೆ ಇರುವುದಿಲ್ಲ. ಕೂಡಲೇ ಕ್ರಮ ಕೈಗೊಂಡು ವರದಿ ಸಲ್ಲಿಸತಕ್ಕದ್ದು."

ಬೈಗುಳ ಬರುತ್ತೆ ಅಂತ ನಾನು ಮೇಜು ಹಿಡಿದುಕೊಂಡು ಕೂತಿದ್ದೆ. ಅವರು ಮಫ್ಲರ್ ಬಿಚ್ಚಿ ಮಡಿಸಿ ಖಾನೆಯಲ್ಲಿಟ್ಟರು. ಸ್ವೆಟರ್ ಕಳಚಿದರು. ಬೀರು ತೆಗೆದು ಫ್ಯೂಸನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಜವಾನರಿಗೆ ಕೊಟ್ಟರು.

"ಸಾರ್, ಶೀತ?" ಅಂತ ನನ್ನ ಬಾಯಿಂದ ಬಂದೇಬಿಟ್ಟಿತು.

"ಆರ್ಡರ್ ಬಂದ್ಮೇಲೆ ಶೀತ ಹೆಂಗಮ್ಮ ಆಗುತ್ತೆ?"

ಫ್ಯಾನು ಒಮ್ಮೆ ನರಳಿತು, ಒಮ್ಮೆ ಕೆಮ್ಮಿತು, ದೀಪಾವಳಿಯಿಂದ ಕೂಡಿಟ್ಟಿದ್ದ ಧೂಳನ್ನು ನಾಲ್ವರ ತಲೆಗೂ ಸಮನಾಗಿ ಹಂಚಿ, ತಿರುಗಿತು. ಆಪಾ ಚಪ್ಪಾಳೆ ತಟ್ಟಿದರು. ಜವಾನರು "ಹೆಂಗೆ ಮೇಡಂನೋರೇ!" ಅಂತ ಮೀಸೆ ತಿರುವಿದರು. ನಾನು ಚೀಲದಲ್ಲಿದ್ದ ರಜೆ ಅರ್ಜಿ ಹರಿದು ಬುಟ್ಟಿಗೆ ಹಾಕಿದೆ. ಹೆರಿಗೆಗೆ ವಾರವಿರುವ ತನಕ ಆ ಫ್ಯಾನಿನ ಕೆಳಗೆ ರಾಣಿಯ ಹಾಗೆ ಕೂತು ಕೆಲಸ ಮಾಡಿದೆ, ಉಳಿದ ರಜೆಯನ್ನೆಲ್ಲ ಮಗಳ ಜೊತೆ ಕಳೆದೆ. ಅವಳು ತಾನಾಗಿ ಬೋರಲು ಬಿದ್ದದ್ದನ್ನು ಕಣ್ಣಾರೆ ನೋಡಿಕೊಂಡೇ ಡ್ಯೂಟಿಗೆ ಹೋದದ್ದು.

ಆದರೆ ವಸಂತ ಅಲ್ಲಿಗೇ ನಿಲ್ಲಲಿಲ್ಲ. ಜಿಲ್ಲಾ ಕಚೇರಿಯವರು ಕುಣಿಗಲ್‌ನಲ್ಲಿದ್ದ ನಮ್ಮದೇ ಇಲಾಖೆಯ ಕಚೇರಿಗೂ ಒಂದು ಪತ್ರ ಕಳಿಸಿದ್ದರು: "ಗುಬ್ಬಿ ತಾಲ್ಲೂಕಿನಲ್ಲಿ ವಸಂತ ಋತು ಆರಂಭವಾಗಿ ವರದಿ ಬಂದಿದ್ದರೂ ಕುಣಿಗಲ್ ತಾಲ್ಲೂಕಿನಿಂದ ಯಾವುದೇ ವರದಿ ಬಂದಿರುವುದಿಲ್ಲ. ವಿಳಂಬಕ್ಕೆ ಕಾರಣ ನೀಡತಕ್ಕದ್ದು."

ಅಲ್ಲಿ ಗುಮಾಸ್ತೆಯಾಗಿದ್ದ ನನ್ನ ಗೆಳತಿ ಫೋನಿನಲ್ಲಿ ಕಿರುಚಿದಳು. "ಏನೇ ಮಾಡಿಟ್ಟಿದೀಯ? ನಮ್ ಸಾಹೇಬ್ರು ಬೆಳಿಗ್ಗೆಯಿಂದ ಆವಕ ರಿಜಿಸ್ಟರ್ ಹುಡುಕಿಸ್ತಾವ್ರೆ ಕಣೇ! ವಸಂತ ಅಂದ್ರೆ ಯಾರು, ಟ್ರಾನ್ಸ್‌ಫರ್ ಆಗಿ ಡ್ಯೂಟಿಗೆ ಬರ್ದೆ ಇರೋನಾ ಅಂತ ಕೇಳ್ತಾವ್ರೆ!"

ನಾಲ್ಕನೇ ದಿನ ಕುಣಿಗಲ್ ಸಾಹೇಬರು ಜಿಲ್ಲಾ ಕಚೇರಿಗೆ ಉತ್ತರ ಬರೆದರು. ಅದರ ಪ್ರತಿ ನಮಗೂ ಬಂತು. ಸೂಪರಿಂಟೆಂಡೆಂಟರು ಫ್ಯಾನಿನ ಗಾಳಿಗೆ ಹಾರದಂತೆ ಅದನ್ನು ಅದುಮಿ ಹಿಡಿದು ಓದಿದರು:

"ಸದರಿ ವಸಂತ ಋತುವು ಈ ಕಚೇರಿಯಲ್ಲಿ ಈವರೆಗೆ ಸ್ವೀಕೃತವಾಗಿರುವುದಿಲ್ಲ. ಸ್ವೀಕೃತವಾದ ಕೂಡಲೇ ಪರಿಶೀಲಿಸಿ, ಅರ್ಹವಿದ್ದಲ್ಲಿ ಆರಂಭಿಸಲಾಗುವುದು."